ಚನ್ನಲಿಂಗಪ್ಪನ ಹೊಟ್ಟೆಯೊಳಗೆ ಏನಿತ್ತು

ನಮ್ಮ ಕಡೆ ಗಂಡನಿಗೆ ಮದ್ದು ಹಾಕುವುದೆಂದರೆ ವಿಷ ಹಾಕುವುದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೆಂಗಳೂರಿನ ನೆಂಟರಿಗೆ ಈ ಕಥೆ ಹೇಳಿದಾಗಲೆಲ್ಲ ಅವರು ಇಲ್ಲೇ ಎಡವಿ ಬೀಳುತ್ತಾರೆ. ಮದ್ದು ಎಂದರೆ ಒಲಿಸಿಕೊಳ್ಳುವ ಪುಡಿ. ಊಟದಲ್ಲಿ ಬೆರೆಸಿ ಉಣ್ಣಿಸಿದರೆ ಗಂಡ ಹೆಂಡತಿ ಹಾಕಿದ ಗೆರೆ ದಾಟುವುದಿಲ್ಲ ಎಂದು ನಂಬಿಕೆ. ಆದರೆ ಅದರ ಜೊತೆಗೇ ಇನ್ನೊಂದು ನಂಬಿಕೆಯೂ ಇತ್ತು. ಈ ಪುಡಿ ಜೀರ್ಣವಾಗುವುದಿಲ್ಲ. ಹೊಟ್ಟೆಯಲ್ಲಿ ಗಂಟಾಗಿ ಕೂರುತ್ತದೆ, ವರ್ಷಗಟ್ಟಲೆ ಕೂತು ಕೂದಲು ಬಿಡುತ್ತದೆ, ಬೇರು ಇಳಿಸುತ್ತದೆ, ಉಂಡವನು ಒಣಗುತ್ತಾ ಹೋಗಿ ಒಂದು ದಿನ ಸಾಯುತ್ತಾನೆ. ಚನ್ನಪಟ್ಟಣದಲ್ಲಿ ಕಾರಣ ಗೊತ್ತಿಲ್ಲದೆ ಯಾರಾದರೂ ಸೊರಗಿದರೆ ‘ಯಾರೋ ಮದ್ದು ಹಾಕವ್ರೆ’ ಎನ್ನುವ ಮಾತು ಈಗಲೂ ಪೂರ್ತಿ ನಿಂತಿಲ್ಲ.

ನಮ್ಮ ಬೀದಿಯ ದ್ರಾಕ್ಷಾಯಿಣಮ್ಮನ ಮುಂದೆ ಈ ಮಾತು ಎತ್ತಿದವರಿಗೆ ಗ್ರಹಚಾರ ಕಾದಿರುತ್ತಿತ್ತು. ನಾನು ಕಂಡಾಗ ಅವಳು ಹಣ್ಣುಹಣ್ಣು ಮುದುಕಿ. ಬೀದಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದಳು. “ಗಂಡ ಮಾತು ಕೇಳ್ದಿದ್ರೆ ಜಗಳ ಆಡು. ಮುದ್ದೆ ತೊಳಸ್ಬೇಡ, ಉಪವಾಸ ಬೀಳ್ಲಿ. ತೌರಿಗೆ ಹೋಗಿ ಕುಂತ್ಕೊ. ಪುಡಿಗಿಡಿ ಅಂತ ತಂದೀಯ, ಜ್ವಾಕೆ!” ಪಕ್ಕದಲ್ಲಿ ನಮ್ಮ ನಾನಿ, ಅಂದರೆ ನನ್ನ ಅಮ್ಮನ ಅಮ್ಮ ಅಮೀರುನ್ನೀಸಾ, ಎಲೆಅಡಿಕೆ ಜಗಿಯುತ್ತಾ ಹೌದೌದೆಂದು ತಲೆಯಾಡಿಸುತ್ತಿದ್ದಳು. ಅವರಿಬ್ಬರ ಬಾಯಲ್ಲಿ ಕೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಬ್ಬರ ಮಾತು ಹೊಂದದ ಕಡೆ ದ್ರಾಕ್ಷಾಯಿಣಮ್ಮನದನ್ನು ಹಿಡಿದಿದ್ದೇನೆ. ನಮ್ಮ ನಾನಿ ಯಾವ ಕಥೆಯನ್ನೂ ಒಗ್ಗರಣೆ ಹಾಕದೆ ಬಡಿಸಿದವಳಲ್ಲ.

ದ್ರಾಕ್ಷಾಯಿಣಿ ಕೈಹಿಡಿದದ್ದು ತಾಯಿಯ ಕಿರಿಯ ತಮ್ಮ ಚನ್ನಲಿಂಗಪ್ಪನನ್ನು. ಹುಟ್ಟಿದಾಗಿನಿಂದ ‘ಮಾವ’ ಎಂದು ಕರೆದವನನ್ನು ಮದುವೆಯಾದ ಮೇಲೂ ಮಾವ ಎಂದೇ ಕರೆದಳು. ಅವನಿಗೊಂದು ಗಾಡಿ, ಒಂದು ಜೊತೆ ಎತ್ತು. ಕನಕಪುರದ ಕಡೆಯ ಕಾಡಿನಿಂದ, ಕೆಲವೊಮ್ಮೆ ಮಾಗಡಿಯ ಕಡೆಯಿಂದ, ಆಲೆಮರದ ತುಂಡುಗಳನ್ನು ಹೇರಿಕೊಂಡು ಬಂದು ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಹಾಕುತ್ತಿದ್ದ. ಇಬ್ಬರು ಹಿಡಿಯುವ ದಿಮ್ಮಿಯನ್ನು ಒಬ್ಬನೇ ಹೆಗಲಿಗೇರಿಸುವ ಆಳು. ಜೋರು ಗಂಟಲು, ಜೋರು ನಗು. ಅವಳು ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದಳು. ಗೂಡು ಬಿಚ್ಚಿ ನೂಲು ತೆಗೆಯುವ ಕೆಲಸ ನಮ್ಮ ನಾನಿಯ ಮನೆಯದು. ಗೂಡಿನ ರೇಟಿಗೆ ಕಿತ್ತಾಡುತ್ತಲೇ ಇಬ್ಬರೂ ಗೆಳತಿಯರಾದರು, ಸಾಯುವ ತನಕ ಕಿತ್ತಾಡಿಕೊಂಡೇ ಇದ್ದರು.

ಮದುವೆಯಾದ ಹೊಸದರಲ್ಲಿ ಚನ್ನಲಿಂಗಪ್ಪ ಗಾಡಿ ಕಟ್ಟಿಕೊಂಡು ಹೋದರೆ ವಾರವಾದರೂ ಬರುತ್ತಿರಲಿಲ್ಲ. ಕನಕಪುರದಲ್ಲಿ ಅವನಿಗೊಬ್ಬಳು ಇದ್ದಾಳೆ, ಅವಳ ಮನೆಯಲ್ಲೇ ಊಟ ಎಂದು ಯಾರೋ ದ್ರಾಕ್ಷಾಯಿಣಿಯ ಕಿವಿಗೆ ಹಾಕಿದರು. ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಇಂಥ ಸುದ್ದಿಗೆ ಕಣ್ಣಿನ ಸಾಕ್ಷಿ ಯಾರಿಗೆ ಬೇಕು? ಮಾಗಡಿ ಕಡೆಯಿಂದ ಬಳೆ ಮಾರಲು ಬರುತ್ತಿದ್ದ ಹೆಂಗಸೊಬ್ಬಳು ಸೆರಗಿನ ಗಂಟಿನಿಂದ ಕರೀ ಪುಡಿ ತೆಗೆದು ಕೊಟ್ಟಳು. ದ್ರಾಕ್ಷಾಯಿಣಿ ಅದನ್ನು ಹುರುಳಿಕಾಳಿನ ಬಸ್ಸಾರಿಗೆ ಬೆರೆಸಿ ಗಂಡನಿಗೆ ಬಡಿಸಿದಳು. ಅವನು ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡು ಉಂಡ.

ಮದ್ದು ಕೆಲಸ ಮಾಡಿತು! ಚನ್ನಲಿಂಗಪ್ಪ ತಿಂಗಳಾನುಗಟ್ಟಲೆ ಊರು ಬಿಟ್ಟು ಕದಲಲಿಲ್ಲ. ಬಲಗಡೆಯ ಎತ್ತಿನ ಕಾಲಿಗೆ ಮುಳ್ಳು ಹೊಕ್ಕು ಕೀವಾಗಿ ಅದು ಕುಂಟುತ್ತಿತ್ತು, ಗಾಡಿ ಕಟ್ಟುವ ಹಾಗಿರಲಿಲ್ಲ. ಈ ಎರಡನೆಯ ಸಂಗತಿಯ ಕಡೆ ದ್ರಾಕ್ಷಾಯಿಣಿಯ ಗಮನ ಹೋಗಲಿಲ್ಲ. ಪುಡಿಯ ಮಹಿಮೆ ಎಂದುಕೊಂಡು ಹಿಗ್ಗಿ ಹೀರೇಕಾಯಿಯಾದಳು.

ಆಮೇಲೆ ಜ್ವರ ಬಂತು. ಮೊದಲ ಜರ್ಮನಿ ಯುದ್ಧ ಮುಗಿಯುತ್ತಿದ್ದ ವರ್ಷ, ರಾಗಿ ತೆನೆ ಕಟ್ಟುವ ಕಾಲ. ಇಂಪ್ಲೆಂಜ ಎಂದು ಜನ ಕರೆದ ಆ ಜ್ವರ ರೈಲಿನಲ್ಲಿ ಬಂತೆಂದು ಹೇಳುತ್ತಿದ್ದರು. ಬೆಂಗಳೂರಿನಿಂದ ಕ್ಲೋಸ್‌ಪೇಟೆಗೆ (ರಾಮನಗರಕ್ಕೆ ಆಗ ಅದೇ ಹೆಸರು), ಅಲ್ಲಿಂದ ಚನ್ನಪಟ್ಟಣಕ್ಕೆ. ನಮ್ಮ ಬೀದಿಯಲ್ಲಿ ಗೋರಿ ತೋಡುವವರೂ ಮಲಗಿಬಿಟ್ಟರು. ಚನ್ನಲಿಂಗಪ್ಪನಿಗೂ ಬಂತು, ಎದೆ ಕಟ್ಟಿತು, ತುಟಿ ನೀಲಿಯಾಯಿತು. ಇವತ್ತೋ ನಾಳೆಯೋ ಎಂದಿದ್ದವನು ಎದ್ದು ಕೂತ. ಅವನು ಎದ್ದ ದಿನ ದ್ರಾಕ್ಷಾಯಿಣಿ ನಮ್ಮ ಮನೆಗೂ ಪಾಯಸ ಕೊಟ್ಟು ಕಳಿಸಿದ್ದಳಂತೆ.

ಎದ್ದನೇನೋ ಸರಿ, ಆದರೆ ಎದ್ದವನು ಬೇರೆಯವನು. ಏರು ಹತ್ತಿದರೆ ಏದುಸಿರು. ಕೆಮ್ಮು ಹತ್ತಿದರೆ ಬಿಡದು. ದಿಮ್ಮಿ ಎತ್ತಲು ಹೋಗಿ ಅರ್ಧದಲ್ಲೇ ಕುಕ್ಕರಿಸಿ ಕೂರುತ್ತಿದ್ದ. “ಏನ್ಲಾ ಲಿಂಗಪ್ಪ, ಎಂಡ್ರು ಸೆರಗಿಂದ ಏಳಾಕೇ ಮನ್ಸಿಲ್ವೇನ್ಲಾ?” ಎಂದು ಗಾಡಿಯವರು ರೇಗಿಸುತ್ತಿದ್ದರು. ಅವನು ನಗಲು ಹೋಗಿ ಕೆಮ್ಮುತ್ತಿದ್ದ. ವರ್ಷ ಕಳೆದ ಹಾಗೆ ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಊದತೊಡಗಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ.

ಊದಿದ ಆ ಹೊಟ್ಟೆಯನ್ನು ಕಂಡಾಗ ದ್ರಾಕ್ಷಾಯಿಣಿಗೆ ಆ ಕರೀ ಪುಡಿ ನೆನಪಾಯಿತು. ಗಂಟು ಬೆಳೆಯುತ್ತಿದೆ. ತಾನು ಹಾಕಿದ್ದು ಬೇರು ಬಿಡುತ್ತಿದೆ. ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ ಗಂಡನನ್ನು ಕೊಂದವಳು ಎನ್ನುತ್ತಾರೆ, ಹೇಳದಿದ್ದರೆ ಅವನು ಕಣ್ಣೆದುರೇ ಸಾಯುತ್ತಾನೆ. ಕೊನೆಗೆ ಮರಳವಾಡಿಯ ಆಚೆ ಮದ್ದು ತೆಗೆಯುವ ಹೆಂಗಸೊಬ್ಬಳಿದ್ದಾಳೆಂದು ತಿಳಿದು, ಗಾಡಿ ಕಟ್ಟಿ, ತಾನೇ ಹೊಡೆದುಕೊಂಡು ಗಂಡನನ್ನು ಕರೆದೊಯ್ದಳು. ಆ ಹೆಂಗಸು ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದಳು. ಅದನ್ನು ಕಡ್ಡಿಯಿಂದ ಕೆದಕಿ ನೋಡಿ ತಲೆಯಾಡಿಸಿದಳು.

“ಹಳೇದು. ಬೇರು ಬುಟ್ಟೈತೆ. ಕೀಳಾಕೋದ್ರೆ ಜೀವಾನೂ ಜತ್ಗೇ ಬತ್ತದೆ. ಮನೆ ಅನ್ನದಾಗೇ ಬಿದ್ದಿರೋದು ಇದು.”

ಚನ್ನಲಿಂಗಪ್ಪನಿಗೆ ಅಷ್ಟು ಸುಸ್ತಿನಲ್ಲೂ ನಗು ಬಂತು. ದಾರಿಯಲ್ಲಿ ಹೆಂಡತಿಗೆ ಹೇಳಿದ: “ಮನೆ ಅನ್ನ ಅಂತೆ! ಮನೆ ಅನ್ನ ಬುಟ್ರೆ ಇನ್ನೆಲ್ಲಿ ಉಂಡಿವ್ನಿ ನಾನು? ಕಾಡಿಗೋದ್ರೂ ನೀನು ಕಟ್ಕೊಟ್ಟ ಒಣ ರೊಟ್ಟಿನೇ ಕಡ್ಕಂಡು ಮರದಡಿ ಮನಗ್ತಿದ್ದೆ.”

ಅವಳು ಎತ್ತುಗಳ ಬಾಲದ ಮೇಲೆ ಕಣ್ಣು ನೆಟ್ಟು ಗಾಡಿ ಹೊಡೆದಳು. ಕನಕಪುರದಲ್ಲಿ ಯಾರೂ ಇರಲಿಲ್ಲ. ಇಲ್ಲದವಳ ಮೇಲಿನ ಹೊಟ್ಟೆಕಿಚ್ಚಿಗೆ ಗಂಡನನ್ನು ಕೊಲ್ಲುತ್ತಿದ್ದೇನೆ ಎಂದು ಅವತ್ತಿನಿಂದ ಅವಳಿಗೆ ಖಾತ್ರಿಯಾಯಿತು. ಅನ್ನ ಸೇರುತ್ತಿರಲಿಲ್ಲ. ಅಳು ಕೂಡ ಬರುತ್ತಿರಲಿಲ್ಲ, ಮಾಡಿದವಳು ತಾನೇ ಆದ ಮೇಲೆ ಅಳಲು ತನಗೇನು ಹಕ್ಕು ಎನ್ನಿಸುತ್ತಿತ್ತಂತೆ.

ಆ ಹೊತ್ತಿಗೆ ನಮ್ಮೂರ ಆಸ್ಪತ್ರೆಗೆ ಮುನಿರಾಮಯ್ಯ ಎಂಬ ಡಾಕ್ಟರು ಬಂದಿದ್ದರು. ತೆಳ್ಳಗಿನ, ಸಂಕೋಚದ ಮನುಷ್ಯ. ಅವರಿಗೊಂದು ಹುಚ್ಚಿತ್ತು. ಆ ಜ್ವರ ಬಂದು ಬದುಕಿಕೊಂಡವರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ಆಗಲೇ ಇಲ್ಲ, ಯಾಕೆ? ಜ್ವರ ಬಿಟ್ಟು ವರ್ಷಗಳಾದ ಮೇಲೂ ಒಳಗೆ ಏನು ಉಳಿದಿದೆ? ಇದನ್ನು ಹೊರಗಿನಿಂದ ಎದೆ ತಟ್ಟಿ ನೋಡಿ ತಿಳಿಯಲಾಗದು, ಅಂಥವರು ಸತ್ತಾಗ ದೇಹ ತೆರೆದು ನೋಡಬೇಕು ಎನ್ನುತ್ತಿದ್ದರು. ಸತ್ತವರ ಮನೆಗೆ ಹೋಗಿ ಕೈಮುಗಿದು ಕೇಳುತ್ತಿದ್ದರು. ಒಬ್ಬರು ನಾಯಿ ಛೂ ಬಿಟ್ಟರು. ಬೀದಿ ಹುಡುಗರು ಹೆಣದ ಡಾಕ್ಟರು ಎಂದು ಹೆಸರಿಟ್ಟರು. ಖೂನಿಯಾದ ಹೆಣವನ್ನು ಪೊಲೀಸಿನವರು ಕುಯ್ಯಿಸುವುದು ಜನಕ್ಕೆ ಗೊತ್ತಿತ್ತು. ಕಾಯಿಲೆಯಲ್ಲಿ ಸತ್ತವನನ್ನು ಯಾರು ಕುಯ್ಯಲು ಕೊಡುತ್ತಾರೆ?

ಚನ್ನಲಿಂಗಪ್ಪನ ಕೊನೆಯ ದಿನಗಳು ಈ ಡಾಕ್ಟರ ಆಸ್ಪತ್ರೆಯಲ್ಲೇ ಕಳೆದವು. ಒಂದು ಬೆಳಿಗ್ಗೆ ಗಂಜಿ ಕುಡಿದು, ಗೋಡೆಗೆ ಒರಗಿದವನು ಹಾಗೇ ಹೋಗಿಬಿಟ್ಟ. ಡಾಕ್ಟರು ದ್ರಾಕ್ಷಾಯಿಣಿಯ ಹತ್ತಿರ ಬಂದು ಎಂದಿನ ಮಾತನ್ನು ಎಂದಿನ ಸಂಕೋಚದಲ್ಲಿ ಕೇಳಿದರು. ಇಲ್ಲ ಎನ್ನಿಸಿಕೊಂಡು ಹೋಗಲು ಅರ್ಧ ತಿರುಗಿಯೇ ನಿಂತಿದ್ದರಂತೆ.

“ಆಗ್ಲಿ, ನೋಡಿ ಸೋಮಿ,” ಎಂದಳು ದ್ರಾಕ್ಷಾಯಿಣಿ.

ಜೊತೆಗಿದ್ದ ನಮ್ಮ ನಾನಿಯೇ ಬೆಚ್ಚಿಬಿದ್ದಳು. ಆದರೆ ದ್ರಾಕ್ಷಾಯಿಣಿಗೆ ಈ ವಿಚಾರ ಹೊಸದಾಗಿರಲಿಲ್ಲ. ಹುಳದ ಮೊಟ್ಟೆ ತರಲು ಸರ್ಕಾರದ ರೇಷ್ಮೆ ಫಾರಂಗೆ ಹೋದಾಗ ಅಲ್ಲಿ ನೋಡಿದ್ದಳು. ತಾಯಿಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು, ಗಾಜಿಗೆ ಸವರಿ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿನಲ್ಲಿ ನೋಡುತ್ತಾರೆ. ಒಳಗೆ ಗಂಟುರೋಗ ಇದ್ದರೆ ಆ ಮೊಟ್ಟೆಯನ್ನು ಸುಡುತ್ತಾರೆ, ಇಲ್ಲದಿದ್ದರೆ ಸಾಕಲು ಕೊಡುತ್ತಾರೆ. ಬದುಕಿದ್ದಾಗ ಎಲ್ಲ ಚಿಟ್ಟೆಯೂ ಒಂದೇ ಥರ ಕಾಣುತ್ತದೆ, ಒಳಗಿನ ನಿಜ ತಿಳಿಯುವುದು ಅರೆದ ಮೇಲೆ. ತನ್ನ ನಿಜವೂ ಗಂಡನ ಹೊಟ್ಟೆಯಲ್ಲಿದೆ, ಅದು ಮಣ್ಣಿಗೆ ಹೋದರೆ ತಾನು ಸಾಯುವ ತನಕ ಅನುಮಾನದಲ್ಲೇ ಬೇಯಬೇಕು ಎಂದು ಅವಳು ಆಗಲೇ ಯೋಚಿಸಿಬಿಟ್ಟಿದ್ದಳು.

“ಆದ್ರೆ ಒಂದು ಮಾತು. ನೀವು ಎದೆ ನೋಡ್ಕಳಿ, ಏನಾರ ನೋಡ್ಕಳಿ. ಹೊಟ್ಟೇನೂ ನೋಡ್ಬೇಕು. ಅನ್ನದ ಚೀಲ ಬಿಚ್ಚಿ ನೋಡ್ಬೇಕು. ಏನಿದ್ರೂ ಮೊದ್ಲು ನಂಗೊಬ್ಬಳಿಗೇ ಹೇಳ್ಬೇಕು.”

ಡಾಕ್ಟರು ಒಪ್ಪಿಕೊಂಡರು. ಗಂಟು ಸಿಕ್ಕರೆ ನೆಟ್ಟಗೆ ಪೊಲೀಸ್ ಠಾಣೆಗೆ ನಡೆದುಹೋಗಿ ತಾನೇ ಹೇಳಿಬಿಡುವುದೆಂದು ಅವಳು ನಿಶ್ಚಯ ಮಾಡಿದ್ದಳು. ಮಕ್ಕಳಿರಲಿಲ್ಲ. ಹುಳಗಳನ್ನು ಅಮೀರುನ್ನೀಸಾ ನೋಡಿಕೊಳ್ಳುತ್ತಾಳೆ ಎಂದುಕೊಂಡಳು.

ನೆಂಟರು ಗಲಾಟೆ ಎಬ್ಬಿಸಿದರು. ಮಣ್ಣು ಮಾಡಿಸಬೇಕಾದ ಅಯ್ಯನವರು ರೇವಣಸಿದ್ದಯ್ಯ ಉರಿದುಬಿದ್ದರು. “ಲಿಂಗ ಕಟ್ಟಿದ ಮೈ ಅದು! ಎದೆ ಮೇಲಿನ ಲಿಂಗ ತೆಗ್ದು ಚಾಕು ಹಾಕ್ತೀರಾ?”

ದ್ರಾಕ್ಷಾಯಿಣಿ ಅವರ ಕಾಲು ಹಿಡಿದಳು. “ಅಯ್ನೋರೇ, ಮಣ್ಣು ಮಾಡೋವಾಗ ಲಿಂಗ ಎಲ್ಲಿ ಇಡ್ತೀರಿ?”

“ಎಡಗೈಯಾಗೆ.”

“ಅದನ್ನ ಈಗ್ಲೇ ಎಡಗೈಗೆ ಕಟ್ಟಿ ಬುದ್ಧೀ. ನಿಮ್ಮ ದಮ್ಮಯ್ಯ.”

ಅಯ್ಯನವರು ಅವಳ ಮುಖವನ್ನೇ ನೋಡಿದರು. ಏನು ಕಂಡರೋ, ಒಳಗೆ ಹೋಗಿ ಲಿಂಗವನ್ನು ಚನ್ನಲಿಂಗಪ್ಪನ ಎಡಗೈಗೆ ಕಟ್ಟಿ, ಮೇಲೆ ಬಟ್ಟೆ ಸುತ್ತಿ ಬಂದರು. ಡಾಕ್ಟರಿಗೆ ಬೆರಳು ತೋರಿಸಿ ಹೇಳಿದರು, “ಕುಯ್ಯೋದು ನಿಮ್ಮ ಕೆಲ್ಸ. ಎಡಗೈ ತಂಟೆಗೆ ಬರಂಗಿಲ್ಲ. ನಾನು ಬಾಗ್ಲಲ್ಲೇ ಕುಂತಿರ್ತೀನಿ.” ಹಾಗೆಯೇ ಕೂತರು, ನೆಂಟರಲ್ಲಿ ಒಬ್ಬರನ್ನೂ ಹತ್ತಿರ ಬಿಡದೆ.

ಆಸ್ಪತ್ರೆಯ ಹಿಂದೆ ಹೊಂಗೆ ಮರದಡಿ ದ್ರಾಕ್ಷಾಯಿಣಿಯೂ ನಮ್ಮ ನಾನಿಯೂ ಕೂತರು. ನಾನಿ ಏನೇನೋ ಮಾತಾಡಿ ಸಮಾಧಾನ ಮಾಡಲು ನೋಡಿದಳು. ದ್ರಾಕ್ಷಾಯಿಣಿ ಠಾಣೆಗೆ ಹೋಗುವ ದಾರಿಯನ್ನೇ ನೋಡುತ್ತಿದ್ದಳು.

ಬಿಸಿಲು ನೆತ್ತಿಗೆ ಬಂದಾಗ ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಬಂದರು. ಮುಖದಲ್ಲಿ ದುಃಖವೂ ಇತ್ತು, ಹುಡುಕಿದ್ದು ಸಿಕ್ಕವನ ಕಳೆಯೂ ಇತ್ತು.

“ಬಲಗಡೆ ಶ್ವಾಸಕೋಶ ಪೂರ್ತಿ ಪಕ್ಕೆಲುಬಿಗೆ ಅಂಟಿಕೊಂಡಿದೆಯಮ್ಮ. ಗಾಳಿ ತುಂಬಬೇಕಾದ ಜಾಗ ಒಣಗಿದ ಚರ್ಮದ ಹಾಗೆ ಗಟ್ಟಿಯಾಗಿದೆ. ಹಳೇ ಗಾಯ ಅದು, ಆ ಜ್ವರದಲ್ಲಿ ಆದದ್ದು ಅಂತ ನನ್ನ ಲೆಕ್ಕ. ಅದರೊಳಕ್ಕೆ ರಕ್ತ ನೂಕಿ ನೂಕಿ ಗುಂಡಿಗೆ ಊದಿ ಜೋತುಬಿದ್ದಿದೆ. ಗುಂಡಿಗೆ ಸೋತದ್ದಕ್ಕೇ ಹೊಟ್ಟೆಯಲ್ಲಿ ನೀರು ತುಂಬಿತ್ತು. ಇಷ್ಟು ವರ್ಷ ಅವನು ಬದುಕಿದ್ದೇ ದೊಡ್ಡದು.”

“ಅನ್ನದ ಚೀಲ?”

“ನೋಡಿದೆ. ಏನೂ ಇರಲಿಲ್ಲ.”

“ಗಂಟು?”

“ಇಲ್ಲ.”

“ಕೂದ್ಲು? ಬೇರಿನಂಗೆ ಏನಾರ?”

“ಕೂದಲಾ?” ಡಾಕ್ಟರು ಕಣ್ಣು ಕಣ್ಣು ಬಿಟ್ಟರು. “ಇಲ್ಲಮ್ಮ. ಬೆಳಿಗ್ಗೆ ಕುಡಿದ ಗಂಜಿ ಒಂದಿಷ್ಟು ಇತ್ತು, ಅಷ್ಟೇ.”

ದ್ರಾಕ್ಷಾಯಿಣಿ ಎದ್ದು ನಿಂತಳು. ಗಂಡ ಸತ್ತವಳೆಂದು ಸುಳ್ಳು ಸಮಾಧಾನ ಹೇಳುತ್ತಿದ್ದಾರೆ ಎನ್ನಿಸಿತು. “ನಾನು ನೋಡ್ಬೇಕು,” ಎಂದಳು.

ಡಾಕ್ಟರು ಬೇಡವೆಂದರು, ಅವಳು ಬಿಡಲಿಲ್ಲ. ಕೊನೆಗೆ ಬಿಳಿ ಬೋಗುಣಿಯಲ್ಲಿ ಅನ್ನದ ಚೀಲವನ್ನು ತೊಳೆದು ತಂದು ಮುಂದೆ ಹಿಡಿದರು. ನಮ್ಮ ನಾನಿ ಸೆರಗು ಮುಖಕ್ಕೆ ಹಾಕಿಕೊಂಡು ದುವಾ ಓದತೊಡಗಿದಳು. ದ್ರಾಕ್ಷಾಯಿಣಿ ಬಗ್ಗಿ ನೋಡಿದಳು. ಡಾಕ್ಟರು ಬೆರಳಿನಿಂದ ಮಡಿಕೆ ಮಡಿಕೆಯನ್ನೂ ಬಿಡಿಸಿ ತೋರಿಸಿದರು. ಅಲ್ಲಲ್ಲಿ ಒಂಚೂರು ಕೆಂಪಗಿತ್ತು. ಬೇರಿಲ್ಲ, ಗಂಟಿಲ್ಲ, ಒಂದೆಳೆ ಕೂದಲಿಲ್ಲ.

ಸಂತೆಯಲ್ಲಿ ಹೊರೆ ಇಳಿಸಿದವಳ ಹಾಗೆ ಅವಳು ಉಸ್ಸೆಂದು ನೆಲಕ್ಕೆ ಕೂತಳು. ಕೂತಲ್ಲಿಂದಲೇ ಕೇಳಿದಳು, “ಹಂಗಾದ್ರೆ ಆ ಜ್ವರದ ಹುಳ ನಿಮಗೆ ಕಾಣ್ತಾ ಸೋಮಿ?”

“ಇಲ್ಲ. ಅದೇನು ಅಂತ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ದುರ್ಬೀನಿಗೂ ಸಿಕ್ಕದಷ್ಟು ಸಣ್ಣದು ಇರಬೇಕು ಅಂತಾರೆ. ಅದು ಯಾವಾಗಲೋ ಹೋಯ್ತು. ನಾವು ನೋಡ್ತಿರೋದು ಅದು ಮಾಡಿಹೋದ ಹಾಳು.”

ಎದೆಯೊಳಗಿನ ಎರಡು ಚೂರನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ಹಾಕಿ, ದುರ್ಬೀನಿನಲ್ಲಿ ನೋಡಲು ಬೆಂಗಳೂರಿಗೆ ರೈಲಿನಲ್ಲಿ ಕಳಿಸುತ್ತೇನೆಂದು ಅವರು ಅವಳ ಒಪ್ಪಿಗೆ ಕೇಳಿದರು. ಕೊಟ್ಟಳು. ಅವಳು ಕೊಟ್ಟದ್ದನ್ನು ನೋಡಿ ಆಮೇಲಿನ ವರ್ಷಗಳಲ್ಲಿ ಇನ್ನೂ ಕೆಲವು ಮನೆಯವರು ಒಪ್ಪಿದರು. ಒಪ್ಪದವರ ಮನೆಗೆ ದ್ರಾಕ್ಷಾಯಿಣಿಯೇ ಹೋಗಿ ಕೂತು ಮಾತಾಡಿದ್ದೂ ಉಂಟು. ಬೊಂಬೆ ಕಡೆಯುವ ವಹಾಬ್ ಎಂಬವನನ್ನು ಯಜಮಾನ ಮೈಗಳ್ಳ ಎಂದು ಕೆಲಸದಿಂದ ಬಿಡಿಸಿದ್ದ. ಅವನಿಗೂ ಅದೇ ಜ್ವರ, ಅದೇ ಏದುಸಿರು. ಡಾಕ್ಟರು ತಾವು ಕಂಡದ್ದನ್ನು ಯಜಮಾನನಿಗೆ ಬಿಡಿಸಿ ಹೇಳಿ, ವಹಾಬನನ್ನು ಕೂತು ಬಣ್ಣ ಹಾಕುವ ಕೆಲಸಕ್ಕೆ ಹಾಕಿಸಿದರು. ಕಾಯಿಲೆ ವಾಸಿಯಾಗಲಿಲ್ಲ, ನಿಜ. ಆದರೆ ಮೈಗಳ್ಳ ಎಂಬ ಹೆಸರು ಹೋಯಿತು. ಅದು ಹೋದರೆ ಮನುಷ್ಯ ಅರ್ಧ ಬದುಕಿದ ಹಾಗೆಯೇ ಎಂದು ನನಗನ್ನಿಸುತ್ತದೆ.

ಅವತ್ತಿಗೆ ಬರುತ್ತೇನೆ. ಡಾಕ್ಟರು ಒಳಗೆ ಹೋದ ಮೇಲೆ ದ್ರಾಕ್ಷಾಯಿಣಿ ನಮ್ಮ ನಾನಿಯ ಕೈ ಹಿಡಿದು ಎಲ್ಲವನ್ನೂ ಹೇಳಿಬಿಟ್ಟಳು. ಬಳೆಗಾರ್ತಿ, ಕರೀ ಪುಡಿ, ಬಸ್ಸಾರು, ಮರಳವಾಡಿಯ ಆಚೆಯ ಹೆಂಗಸು, ಪೊಲೀಸ್ ಠಾಣೆ. ನಾನಿ ಬಾಯಿ ತೆರೆದುಕೊಂಡು ಕೇಳಿದಳು.

“ಯಾರು, ಮಾಗಡಿ ಬಳೆಯೋಳಾ? ಮೂಗಿನ ಮೇಲೆ ಹಚ್ಚೆ ಐತಲ್ಲ, ಅವಳಾ?”

“ಊಂ, ಅಮೀರಕ್ಕ.”

“ಅಯ್ಯೋ ಹುಚ್ಚೀ! ನಾನೂ ತಕಂಡಿದ್ದೆ ಕಣೇ ಅವಳ ತಾವ! ನೀನು ಒಂದು ದಪ ಹಾಕ್ದೆ, ನಾನು ಎಲ್ಡು ದಪ ಹಾಕ್ದೆ, ಬೇಳೆ ಸಾರ್ನಾಗೆ. ನಮ್ಮನೆಯೋನಿಗೆ ಏನಾಗೈತೆ ಹೇಳು? ಗೂಳಿ ಇದ್ದಂಗವ್ನೆ. ಗೊರಕೆ ಹೊಡುದ್ರೆ ರೈಲು ಬಂತು ಅಂತ ಬೀದಿ ಜನ ಎದ್ದು ಕುಂತ್ಕತಾರೆ. ಮಾತು ಮಾತ್ರ ಇವತ್ತಿಗೂ ಒಂದೂ ಕೇಳಾಕಿಲ್ಲ!”

ಇದು ನಮ್ಮ ನಾನಾ, ಅಂದರೆ ನಾನಿಯ ಗಂಡ ಗಫಾರ್ ಸಾಹೇಬರ ಸಮಾಚಾರ. ಅವರಿಗೆ ಆ ವರ್ಷದ ಜ್ವರ ಬಂದಿರಲಿಲ್ಲ. ಪುಡಿ ಎರಡು ಸಲ ಹೊಟ್ಟೆಗೆ ಹೋಗಿಯೂ ಅವರು ಮೊಮ್ಮಕ್ಕಳನ್ನು ಕಂಡು, ನಮಗೆಲ್ಲ ಬೈದು, ನೆಮ್ಮದಿಯಾಗಿ ಮುಪ್ಪಿನಲ್ಲಿ ಹೋದರು. ಪುಡಿಯಲ್ಲಿ ಇದ್ದದ್ದು ಇದ್ದಿಲೋ ಕರಿಜೀರಿಗೆಯೋ, ಆ ಬಳೆಗಾರ್ತಿಗೇ ಗೊತ್ತು.

ದ್ರಾಕ್ಷಾಯಿಣಿಗೆ ನಗು ಬಂತು. ಗಂಡನ ಹೆಣ ಒಳಗಿದೆ, ನೆಂಟರು ಆಚೆ ನಿಂತಿದ್ದಾರೆ, ಇವಳು ಮರದಡಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಾಳೆ. ನಾನಿಗೂ ತಡೆಯಲಾಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಮಧ್ಯಾಹ್ನ ಚನ್ನಲಿಂಗಪ್ಪನನ್ನು ಮನೆಗೆ ತಂದರು. ಡಾಕ್ಟರು ಹೊಲಿಗೆ ಕಾಣದಂತೆ ಬಟ್ಟೆ ಸುತ್ತಿ ಕೊಟ್ಟಿದ್ದರು. ರೇವಣಸಿದ್ದಯ್ಯನವರು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದರು. ಬಂದ ಹೆಂಗಸರೆಲ್ಲ ಗೋಳೋ ಎಂದರು. ಹೆಂಡತಿಯ ಕಣ್ಣಲ್ಲಿ ಒಂದು ಹನಿ ನೀರಿಲ್ಲವೆಂದು ಯಾರೋ ಆಡಿಕೊಂಡದ್ದು ನಾನಿಯ ಕಿವಿಗೆ ಬಿತ್ತು.

ಮರಳವಾಡಿಯಿಂದ ಬಂದಂದಿನಿಂದ ದ್ರಾಕ್ಷಾಯಿಣಿ ಗಂಡನ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಈಗ ಹೋಗಿ ಎದುರಿಗೆ ಕೂತಳು. ಓರೆಯಾಗಿದ್ದ ರುಮಾಲನ್ನು ಸರಿಮಾಡಿದಳು. ಎರಡೂ ಕೈಯಲ್ಲಿ ಆ ಮುಖವನ್ನು ಹಿಡಿದುಕೊಂಡಳು.

“ನಾನಲ್ಲ ಕಣ್ಮಾವ,” ಎಂದಳು. “ಆ ಜ್ವರ ಕಣ್ಮಾವ. ನಾನಲ್ಲ.”

ಆಮೇಲೆ ಅವಳು ಅತ್ತ ಅಳು ಬೀದಿಯ ಕೊನೆಯ ಮನೆಗೂ ಕೇಳಿಸಿತಂತೆ.